ಹಂಚಿದ ಗಣಕವ್ಯವಸ್ಥೆಗಳಲ್ಲಿ ಕೆಲಸದ ನಿಯೋಜನೆ: ಕೆರೆಯ ನೀರಿನ ಸರದಿಯೊಡನೆ ಒಂದು ಹೋಲಿಕೆ

ಇತಿಹಾಸ ವಿಭಾಗದವರು ಗಣಕಯಂತ್ರಗಳನ್ನು ಕುರಿತು ಬರೆಯುವುದು ಕೆಲವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಮಿತವಾದ ಒಂದು ವಸ್ತುವನ್ನು ಅನೇಕರಿಗೆ ಹಂಚುವುದು ಹೇಗೆ, ಯಾರಿಗೆ ಮೊದಲು, ಯಾರಿಗೆ ಎಷ್ಟು, ಯಾರು ಕಾಯಬೇಕು ಎಂಬ ಪ್ರಶ್ನೆಗಳು ಇತಿಹಾಸದ ಅಭ್ಯಾಸಿಗೆ ಅಪರಿಚಿತವಾದುವಲ್ಲ. ಭೂಮಿ, ನೀರು, ಧಾನ್ಯ ಇವುಗಳ ಹಂಚಿಕೆಯ ಚರಿತ್ರೆಯೇ ಒಂದರ್ಥದಲ್ಲಿ ನಮ್ಮ ಹಳ್ಳಿಗಳ ಚರಿತ್ರೆ. ಅದೇ ಪ್ರಶ್ನೆಗಳು ಇಂದು ಗಣಕಗಳ ದೊಡ್ಡ ಸಮೂಹಗಳೊಳಗೆ ಕ್ಷಣಕ್ಷಣವೂ ಏಳುತ್ತಿವೆ. ೨೦೦೦ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಿಂದ ಪಹಣಿಯು ಗಣಕಕ್ಕೆ ಬಂತು. ೨೦೧೪ರ ಅನಂತರ ಕೃಷಿ ಮಾರುಕಟ್ಟೆಗಳ ಟೆಂಡರು ಏಕೀಕೃತ ಮಾರುಕಟ್ಟೆ ವೇದಿಕೆಗೆ ಬಂತು. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಒಯ್ಯುವ ಕಿಬ್ಬನಹಳ್ಳಿಯ ರೈತನಿಗೂ ಈಗ ಗಣಕದ ಸರದಿಯ ಸಂಬಂಧ ತಪ್ಪಿದ್ದಲ್ಲ. ಆದಕಾರಣ ಆ ಸರದಿಯ ಮರ್ಮವೇನು, ಅದರಲ್ಲಿ ನ್ಯಾಯವೆಂಬುದಕ್ಕೆ ಎಡೆಯಿದೆಯೇ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಕೆಲವು ಮಾತುಗಳ ಅರ್ಥ

ಒಂದು ದೊಡ್ಡ ಕೆಲಸವನ್ನು ಒಂದೇ ಯಂತ್ರಕ್ಕೆ ಒಪ್ಪಿಸದೆ, ತಂತಿಯ ಮೂಲಕ ಪರಸ್ಪರ ಜೋಡಿಸಿದ ಅನೇಕ ಯಂತ್ರಗಳಿಗೆ ಹಂಚಿಕೊಟ್ಟಾಗ ಅಂಥ ಏರ್ಪಾಟಿಗೆ ಹಂಚಿದ ಗಣಕವ್ಯವಸ್ಥೆ ಎಂದು ಹೆಸರು. ಒಂದೊಂದು ತುಂಡು ಕೆಲಸವನ್ನು ನಡೆಸುವ ಕಾರ್ಯಕ್ರಮಕ್ಕೆ ‘ವರ್ಕರ್’ ಎನ್ನುತ್ತಾರೆ. ಯಾವ ವರ್ಕರ್ ಯಾವ ಯಂತ್ರದಲ್ಲಿ ಎಂದು ನಡೆಯತಕ್ಕದ್ದು ಎಂದು ಗೊತ್ತುಮಾಡುವ ಇನ್ನೊಂದು ಕಾರ್ಯಕ್ರಮವುಂಟು, ಅದು ‘ಶೆಡ್ಯೂಲರ್’. ಅದನ್ನು ನಾವಿಲ್ಲಿ ನಿಯೋಜಕ ಎಂದು ಕರೆಯೋಣ. ವರ್ಕರಿಗೆ ಮುಖ್ಯವಾಗಿ ಬೇಕಾದುವು ಎರಡು: ಲೆಕ್ಕ ಮಾಡುವ ಪ್ರೊಸೆಸರ್, ಲೆಕ್ಕ ಮುಗಿಯುವವರೆಗೆ ಅಂಕಿಅಂಶಗಳನ್ನು ಇರಿಸಿಕೊಳ್ಳುವ ಮೆಮೊರಿ.

ಇವೆರಡರ ಭೇದವನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ನಾಡಿನವರು ಕೊಬ್ಬರಿಯ ಅಟ್ಟದಿಂದ ಸುಲಭವಾಗಿ ತಿಳಿಯಬಹುದು. ಉಂಡೆ ಕೊಬ್ಬರಿಯಾಗಬೇಕಾದ ಕಾಯಿ ಸುಮಾರು ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಬೇಕು. ಆ ಅವಧಿಯಲ್ಲಿ ಅದಕ್ಕೆ ಆಳಿನ ಕೆಲಸ ಅತ್ಯಲ್ಪ. ಸ್ಥಳವನ್ನು ಮಾತ್ರ ಹಿಡಿದುಕೊಂಡಿರುತ್ತದೆ. ಕಾಯಿ ಸುಲಿಯುವ ದಿನ ಇದಕ್ಕೆ ವಿಪರೀತ: ಅಂಗಳದಲ್ಲಿ ಸ್ಥಳ ಧಾರಾಳ, ಆಳು ಸಾಲದು. ಅಟ್ಟದ ಸ್ಥಳವು ಮೆಮೊರಿಯಂತೆ, ಸುಲಿಯುವ ಆಳು ಪ್ರೊಸೆಸರಿನಂತೆ. ಅಟ್ಟ ತುಂಬಿದಾಗ ಹತ್ತು ಆಳುಗಳನ್ನು ಹೆಚ್ಚಿಗೆ ಕರೆತಂದರೂ ಪ್ರಯೋಜನವಿಲ್ಲ. ಆಳಿಲ್ಲದಾಗ ಅಟ್ಟ ಬರಿದಾಗಿದ್ದರೂ ಪ್ರಯೋಜನವಿಲ್ಲ. ಯಾವುದರ ಕೊರತೆಯಿಂದ ಕೆಲಸ ನಿಂತಿದೆ ಎಂಬುದನ್ನು ಅರಿಯುವುದೇ ನಿಯೋಜನೆಯ ಮೊದಲ ಪಾಠ.

೨. ಬರಿಯ ಸರದಿಯ ದೋಷ

ಹಂಚಿಕೆಯ ಅತ್ಯಂತ ಸರಳವಾದ ಕ್ರಮವೆಂದರೆ ಸುತ್ತು ಸರದಿ. ಮೊದಲನೆಯ ಕೆಲಸ ಮೊದಲನೆಯ ಯಂತ್ರಕ್ಕೆ, ಎರಡನೆಯದು ಎರಡನೆಯದಕ್ಕೆ, ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ. ಇದರಲ್ಲಿ ಪಕ್ಷಪಾತವಿಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ.

ಒಂದು ಕಾಲೇಜಿನ ಇತಿಹಾಸ ವಿಭಾಗದವರು ಹಳೆಯ ಕಡತಗಳ ಛಾಯಾಚಿತ್ರಗಳಿಂದ ಅಕ್ಷರಗಳನ್ನು ಗಣಕದ ಮೂಲಕ ಓದಿಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ ಮೂರು ಯಂತ್ರಗಳಿವೆ. ಒಂದೊಂದಕ್ಕೂ ೧೬ ಗಿಗಾಬೈಟ್ ಮೆಮೊರಿ. ಬಂದಿರುವ ಕೆಲಸಗಳು ಆರು. ಒಂದನೆಯದು ಮತ್ತು ನಾಲ್ಕನೆಯದು ದೊಡ್ಡ ನಕ್ಷೆಗಳು; ಒಂದೊಂದಕ್ಕೆ ೧೦ ಗಿಗಾಬೈಟ್ ಬೇಕು. ಉಳಿದ ನಾಲ್ಕು ಸಣ್ಣ ಪುಟಗಳು. ಒಂದೊಂದಕ್ಕೆ ೨ ಗಿಗಾಬೈಟ್ ಸಾಕು. ಸುತ್ತು ಸರದಿಯಂತೆ ಹಂಚಿದರೆ ಒಂದನೆಯ ಮತ್ತು ನಾಲ್ಕನೆಯ ಕೆಲಸಗಳೆರಡೂ ಮೊದಲನೆಯ ಯಂತ್ರಕ್ಕೇ ಬೀಳುತ್ತವೆ. ಅಲ್ಲಿ ಬೇಡಿಕೆ ೨೦, ಇರುವುದು ೧೬. ಯಂತ್ರದ ಆಡಳಿತ ನಡೆಸುವ ಕಾರ್ಯಕ್ರಮವು ಬೇರೆ ದಾರಿ ಕಾಣದೆ ಒಂದು ವರ್ಕರನ್ನು ನಡುವೆಯೇ ಕೊಂದುಹಾಕುತ್ತದೆ. ಅಷ್ಟುಹೊತ್ತು ಮಾಡಿದ ಕೆಲಸ ವ್ಯರ್ಥ. ಅದೇ ವೇಳೆಯಲ್ಲಿ ಉಳಿದೆರಡು ಯಂತ್ರಗಳಲ್ಲಿ ತಲಾ ೪ ಗಿಗಾಬೈಟ್ ಮಾತ್ರ ಉಪಯೋಗವಾಗಿ ೧೨ ಖಾಲಿ ಬಿದ್ದಿರುತ್ತದೆ. ಮೂರೂ ಯಂತ್ರಗಳ ಒಟ್ಟು ಮೆಮೊರಿ ೪೮. ಒಟ್ಟು ಬೇಡಿಕೆ ೨೮ ಮಾತ್ರ. ಅಂದರೆ ಕೊರತೆಯಿದ್ದದ್ದು ಸಾಮಗ್ರಿಯಲ್ಲಿ ಅಲ್ಲ, ತಿಳಿವಳಿಕೆಯಲ್ಲಿ. ನಾಲ್ಕನೆಯ ಕೆಲಸವನ್ನು ಎರಡನೆಯ ಯಂತ್ರಕ್ಕೆ ಕಳುಹಿಸಿದ್ದರೆ ಎಲ್ಲವೂ ಸುಗಮವಾಗಿ ಮುಗಿಯುತ್ತಿತ್ತು. ಯಾವ ಕೆಲಸಕ್ಕೆ ಎಷ್ಟು ಬೇಕು, ಯಾವ ಯಂತ್ರದಲ್ಲಿ ಎಷ್ಟು ಉಳಿದಿದೆ ಎಂಬ ಎರಡನ್ನೂ ತಿಳಿದು ಹಂಚುವ ಕ್ರಮಕ್ಕೆ ಸಂಪನ್ಮೂಲವನ್ನು ಅರಿತ ನಿಯೋಜನೆ ಎಂದು ಹೆಸರು.

೩. ನೀರುಗಂಟಿಯ ಲೆಕ್ಕ

ಈ ಕ್ರಮದ ತಿರುಳು ನಮ್ಮ ಕೆರೆಗಳ ಆಡಳಿತದಲ್ಲಿ ಬಹು ಹಿಂದಿನಿಂದ ಇತ್ತು. ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಪ್ರಕಟಿಸಿದ ತನ್ನ ಇತಿಹಾಸಗ್ರಂಥದಲ್ಲಿ ಮೈಸೂರು ಸೀಮೆಯ ಗ್ರಾಮಗಳ ಹನ್ನೆರಡು ಆಯಗಾರರನ್ನು ಹೆಸರಿಸುವಾಗ ನೀರುಗಂಟಿಯನ್ನೂ ಸೇರಿಸಿದ್ದಾನೆ. ಕೆರೆಗಳನ್ನು ಕಟ್ಟಿದವರಿಗೂ ಕಾಪಾಡುವವರಿಗೂ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಗಳ ಉಲ್ಲೇಖ ಕನ್ನಡನಾಡಿನ ಶಾಸನಗಳಲ್ಲಿ ಹೇರಳವಾಗಿದೆ. ಬಿ. ಎಲ್. ರೈಸರು ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ೧೯೦೪ರಲ್ಲಿಯೇ ಹೊರತಂದಿದ್ದಾರೆ.

ನೀರುಗಂಟಿಯ ಕೆಲಸ ತೂಬನ್ನು ಎತ್ತಿ ಇಳಿಸುವುದಷ್ಟೇ ಎಂದು ಭಾವಿಸುವುದು ಸರಿಯಲ್ಲ. ಪ್ರತಿಯೊಬ್ಬನ ಗದ್ದೆಗೂ ಒಂದೊಂದು ಜಾವ ಎಂದು ನೀರು ಬಿಟ್ಟರೆ ತೂಬಿನ ಬಳಿಯ ಗದ್ದೆ ತುಂಬಿ ಹರಿಯುವುದು. ಅಚ್ಚುಕಟ್ಟಿನ ಕೊನೆಯ ಗದ್ದೆಗೆ, ಕಾಲುವೆಯ ಮಣ್ಣು ಕುಡಿದು ಉಳಿದ ನೀರು ಮಾತ್ರ ಮುಟ್ಟುವುದು. ಕಾಲ ಸಮವಾದರೂ ನೀರು ಸಮವಲ್ಲ. ಕೆರೆಯಲ್ಲಿ ಎಷ್ಟು ನೀರು ನಿಂತಿದೆ, ಗದ್ದೆ ಎಷ್ಟು ದೂರ, ಪೈರು ಯಾವ ಹಂತದಲ್ಲಿದೆ ಎಂಬುದನ್ನೆಲ್ಲ ಬಲ್ಲವನೇ ಸರಿಯಾಗಿ ಹಂಚಬಲ್ಲ. ಕೆರೆ ತುಂಬದ ವರ್ಷ ಅನೇಕ ಕಡೆಗಳಲ್ಲಿ ಬಿತ್ತುವ ಗದ್ದೆಯ ವಿಸ್ತಾರವನ್ನೇ ಮೊದಲಿಗೆ ಕಡಮೆ ಮಾಡುತ್ತಿದ್ದರು. ಎಲ್ಲರ ಪೈರನ್ನೂ ಅರ್ಧಕ್ಕೆ ಒಣಗಿಸುವುದಕ್ಕಿಂತ ಕೆಲವನ್ನು ಪೂರ್ಣವಾಗಿ ಬೆಳೆಯುವುದು ಲೇಸೆಂಬುದು ಅವರ ವಿವೇಕ. ಗಣಕದ ನಿಯೋಜಕನೂ ಇದನ್ನೇ ಮಾಡುತ್ತಾನೆ: ಮುಗಿಸಲಾಗದಷ್ಟು ಕೆಲಸವನ್ನು ಒಳಗೆ ಬಿಟ್ಟುಕೊಳ್ಳದೆ ಹೊರಗೆ ಸಾಲಿನಲ್ಲಿ ನಿಲ್ಲಿಸುತ್ತಾನೆ.

ಆದರೆ ಹಳೆಯದೆಲ್ಲವೂ ನ್ಯಾಯವಾಗಿತ್ತೆಂದು ಹೇಳುವುದು ಇತಿಹಾಸಕ್ಕೆ ಅಪಚಾರವಾದೀತು. ಅನೇಕ ಊರುಗಳಲ್ಲಿ ನೀರುಗಂಟಿಗಳು ದಲಿತ ಸಮುದಾಯದವರು. ಊರಿನ ನೀರನ್ನು ಹಂಚುವವನಿಗೆ ಸ್ವಂತದ ನೆಲ ಅತ್ಯಲ್ಪ. ಅವನ ಕೈಯಲ್ಲಿ ಲೆಕ್ಕವಿತ್ತೇ ಹೊರತು ಅಧಿಕಾರವಿರಲಿಲ್ಲ. ಬಲವಂತನಾದ ಗೌಡನು ಹೇಳಿದಾಗ ತೂಬು ಸರದಿ ತಪ್ಪಿ ತೆರೆಯುವ ಸಂಭವ ಯಾವಾಗಲೂ ಇತ್ತು. ಅರಿತು ಹಂಚುವುದು ಒಂದು ಗುಣ, ನ್ಯಾಯವಾಗಿ ಹಂಚುವುದು ಇನ್ನೊಂದು ಗುಣ. ಎರಡನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು.

೪. ಶಾಸ್ತ್ರ ಬೆಳೆದು ಬಂದ ಬಗೆ

ಸರದಿಯನ್ನು ಗಣಿತದ ವಿಷಯವನ್ನಾಗಿ ಮಾಡಿದ ಕೀರ್ತಿ ಡೆನ್ಮಾರ್ಕಿನ ಎ. ಕೆ. ಎರ್ಲಾಂಗರಿಗೆ ಸಲ್ಲುತ್ತದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಸಂಸ್ಥೆಯಲ್ಲಿದ್ದ ಅವರು ೧೯೦೯ರಲ್ಲಿ ದೂರವಾಣಿಯ ಕರೆಗಳನ್ನು ಸಂಭವನೀಯತೆಯ ಗಣಿತದಿಂದ ವಿವೇಚಿಸಿದರು. ೧೯೬೧ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ಒಂದೇ ಗಣಕದ ಕಾಲವನ್ನು ಅನೇಕರಿಗೆ ಹಂಚಿಕೊಡುವ ವ್ಯವಸ್ಥೆಯನ್ನು ನಡೆಸಿ ತೋರಿಸಿದರು.

೧೯೬೬ರಲ್ಲಿ ಬೆಲ್ ಪ್ರಯೋಗಾಲಯದ ರೊನಾಲ್ಡ್ ಗ್ರಹಾಂ ಎರಡು ಸಂಗತಿಗಳನ್ನು ಸಿದ್ಧಪಡಿಸಿದರು. ಯಾವ ಯಂತ್ರ ಬಿಡುವಾಗುವುದೋ ಅದಕ್ಕೆ ಪಟ್ಟಿಯ ಮುಂದಿನ ಕೆಲಸವನ್ನು ಕೊಡುತ್ತ ಹೋದರೆ, ಒಟ್ಟು ಕಾಲವು ಅತ್ಯುತ್ತಮ ಹಂಚಿಕೆಯ ಕಾಲದ ಎರಡರಷ್ಟನ್ನು ಮೀರುವುದಿಲ್ಲ ಎಂಬುದು ಒಂದು. ಕೆಲಸಗಳಲ್ಲಿ ಒಂದರ ಮೇಲೊಂದು ಅವಲಂಬಿಸಿದ್ದರೆ, ಯಂತ್ರಗಳ ಸಂಖ್ಯೆಯನ್ನು ಹೆಚ್ಚಿಸಿದರೂ ಕೆಲವೊಮ್ಮೆ ಕಾಲ ಕಡಮೆಯಾಗುವ ಬದಲು ಹೆಚ್ಚುತ್ತದೆ ಎಂಬುದು ಇನ್ನೊಂದು. ಸಾಮಗ್ರಿಯನ್ನು ಹೆಚ್ಚಿಸಿದೊಡನೆ ತೊಂದರೆ ತೀರುವುದೆಂಬ ಸಾಮಾನ್ಯ ನಂಬಿಕೆಗೆ ಈ ಎರಡನೆಯ ಸಂಗತಿ ಒಂದು ಎಚ್ಚರಿಕೆ.

೧೯೮೮ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದವರು ವರದಿಮಾಡಿದ ‘ಕಾಂಡರ್’ ವ್ಯವಸ್ಥೆ ಅಧ್ಯಾಪಕರ ಮೇಜುಗಳ ಮೇಲೆ ಸುಮ್ಮನಿರುವ ಯಂತ್ರಗಳನ್ನು ಹುಡುಕಿ ಇತರರ ಕೆಲಸವನ್ನು ಅವುಗಳಿಗೆ ಕೊಡುತ್ತಿತ್ತು. ಒಡೆಯನು ಮರಳಿ ಬಂದೊಡನೆ ಆ ಕೆಲಸ ಅಲ್ಲಿಂದ ಎದ್ದುಹೋಗುತ್ತಿತ್ತು. ೨೦೧೪ರಲ್ಲಿ ಗೂಗಲ್ ಸಂಸ್ಥೆ ಹೊರಗೆಡಹಿದ ‘ಕುಬರ್ನೆಟೀಸ್’ ಇಂದು ಬಹು ಪ್ರಚಾರದಲ್ಲಿದೆ. ಗ್ರೀಕ್ ಭಾಷೆಯ ಆ ಹೆಸರಿಗೆ ಚುಕ್ಕಾಣಿಗ ಎಂದರ್ಥ.

ನಮ್ಮ ರಾಜ್ಯವೂ ಈ ಚರಿತ್ರೆಗೆ ಹೊರತಲ್ಲ. ೧೯೮೬ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ‘ಫ್ಲೋಸಾಲ್ವರ್’ ಎಂಬ, ನಾಲ್ಕು ಪ್ರೊಸೆಸರುಗಳು ಏಕಕಾಲದಲ್ಲಿ ದುಡಿಯುವ ಯಂತ್ರ ಸಿದ್ಧವಾಯಿತು. ಭಾರತದ ಮೊದಲ ಸಮಾಂತರ ಗಣಕವೆಂದು ಅದಕ್ಕೆ ಹೆಸರು. ವಿಮಾನದ ಸುತ್ತ ಗಾಳಿ ಹರಿಯುವ ಲೆಕ್ಕಕ್ಕಾಗಿ ಹುಟ್ಟಿದ ಆ ಯಂತ್ರಮಾಲೆ ಮುಂದೆ ಹವಾಮಾನದ ಲೆಕ್ಕಗಳಿಗೂ ಒದಗಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೧೫ರಲ್ಲಿ ‘ಸಹಸ್ರಟಿ’ಯೂ ೨೦೨೨ರಲ್ಲಿ ‘ಪರಮ್ ಪ್ರವೇಗ’ವೂ ಸ್ಥಾಪಿತವಾದುವು. ಹವಾಮಾನದ ಲೆಕ್ಕದಲ್ಲಿ ನಿಯೋಜನೆಯ ಬೆಲೆ ಸ್ಪಷ್ಟವಾಗಿ ಕಾಣುತ್ತದೆ. ನಾಳೆಯ ಮಳೆಯ ಲೆಕ್ಕ ನಾಡಿದ್ದು ಮುಗಿದರೆ ಅದು ಮುನ್ಸೂಚನೆಯಲ್ಲ, ದಾಖಲೆ.

೫. ಇಂದಿನ ಕ್ರಮ

ಈಗಿನ ನಿಯೋಜಕನ ಕಾರ್ಯವನ್ನು ನಾಲ್ಕು ಹೆಜ್ಜೆಗಳಾಗಿ ವಿಂಗಡಿಸಬಹುದು. ಕೆಲಸ ತರುವವನು ತನಗೆ ಇಷ್ಟು ಪ್ರೊಸೆಸರ್, ಇಷ್ಟು ಮೆಮೊರಿ ಬೇಕೆಂದು ಮೊದಲೇ ಹೇಳುತ್ತಾನೆ. ಅಷ್ಟು ಉಳಿದಿಲ್ಲದ ಯಂತ್ರಗಳನ್ನು ನಿಯೋಜಕನು ಬಿಟ್ಟುಬಿಡುತ್ತಾನೆ. ಉಳಿದವುಗಳಿಗೆ ಅಂಕ ಕೊಟ್ಟು ಹೆಚ್ಚು ಅಂಕದ ಯಂತ್ರವನ್ನು ಆರಿಸುತ್ತಾನೆ. ಬೇಕಾದ ದತ್ತಾಂಶ ಹತ್ತಿರದಲ್ಲಿದೆಯೇ ಎಂಬುದೂ ಅಂಕಕ್ಕೆ ಸೇರುತ್ತದೆ. ಕೆಲಸ ನಡೆಯುತ್ತಿರುವಾಗ ಅದರ ನಿಜವಾದ ಉಪಯೋಗವನ್ನು ಅಳೆಯುತ್ತಾನೆ.

ಇದರಲ್ಲಿ ಮೂರು ತೊಡಕುಗಳುಂಟು. ಸಣ್ಣ ಕೆಲಸಗಳು ಸಂದಿಯಲ್ಲಿ ನುಸುಳುತ್ತ ಹೋದರೆ ದೊಡ್ಡ ಕೆಲಸಕ್ಕೆ ಬೇಕಾದಷ್ಟು ಸ್ಥಳ ಎಂದಿಗೂ ತೆರವಾಗದು. ಅದು ಸಾಲಿನಲ್ಲೇ ಹಸಿದು ನಿಲ್ಲುತ್ತದೆ. ಇದು ಮೊದಲನೆಯದು. ದೊಡ್ಡ ಕೆಲಸಕ್ಕೆ ಮುಂದಿನ ಒಂದು ಹೊತ್ತನ್ನು ಕಾಯ್ದಿರಿಸಿ, ಅದಕ್ಕೆ ಅಡ್ಡಿಯಾಗದಂತೆ ಮುಗಿಯುವ ಸಣ್ಣ ಕೆಲಸಗಳನ್ನು ಮಾತ್ರ ನಡುವೆ ಬಿಡುವುದು ಇದಕ್ಕೆ ಪರಿಹಾರ. ಅಮೆರಿಕದ ಆರ್ಗಾನ್ ಪ್ರಯೋಗಾಲಯದಿಂದ ೧೯೯೫ರಲ್ಲಿ ಪ್ರಕಟವಾದ ಇಂಥ ಕ್ರಮವೊಂದು ಮಹಾಗಣಕಗಳಲ್ಲಿ ರೂಢಿಗೆ ಬಂದಿದೆ.

ಎರಡನೆಯದು ಹಳಸಿದ ಸುದ್ದಿಯ ತೊಡಕು. ಯಂತ್ರದಲ್ಲಿ ಇಷ್ಟು ಖಾಲಿ ಇದೆ ಎಂಬ ವರದಿ ನಿಯೋಜಕನಿಗೆ ತಲುಪುವಷ್ಟರಲ್ಲಿ ಅದು ತುಂಬಿರಬಹುದು. ಮೂರನೆಯದು ಏಕಕಾಲದ ನುಗ್ಗಾಟ. ಇದು ನಮ್ಮ ತೋಟಗಳಲ್ಲಿ ಎಲ್ಲರೂ ಕಂಡ ಸಂಗತಿ: ತ್ರೀ ಫೇಸ್ ವಿದ್ಯುತ್ತು ಬಂದ ಕ್ಷಣವೇ ಆಟೋ ಸ್ಟಾರ್ಟರ್ ಹಾಕಿದ ಪಂಪುಸೆಟ್ಟುಗಳೆಲ್ಲ ಒಟ್ಟಿಗೆ ಏಳುತ್ತವೆ, ವೋಲ್ಟೇಜು ಕುಸಿಯುತ್ತದೆ, ಟಿ.ಸಿ. ಸುಡುವುದೂ ಉಂಟು. ಕೆಟ್ಟುನಿಂತ ಗಣಕವೊಂದು ಮತ್ತೆ ಎದ್ದಾಗ ಕಾಯುತ್ತಿದ್ದ ವರ್ಕರುಗಳೆಲ್ಲ ಅದರ ಮೇಲೆ ಬಿದ್ದು ಪುನಃ ಅದನ್ನು ಕೆಡಹುವುದು ಇದೇ ರೀತಿ. ಪ್ರತಿಯೊಂದು ವರ್ಕರೂ ಬೇರೆಬೇರೆ ಹೊತ್ತು ತಡೆದು ಪ್ರಯತ್ನಿಸುವಂತೆ ಮಾಡುವುದು ಇದಕ್ಕೆ ಮದ್ದು.

೬. ಸಮಪಾಲು ಮತ್ತು ನ್ಯಾಯ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಬ್ಬರು ಹಕ್ಕುದಾರರಿದ್ದಾಗ ಎಲ್ಲವನ್ನೂ ಸರಿಯಾಗಿ ಎರಡು ಪಾಲು ಮಾಡಿದರೆ ನ್ಯಾಯವಾಗುವುದಿಲ್ಲವೇ? ೧೨ ಪ್ರೊಸೆಸರ್, ೩೨ ಗಿಗಾಬೈಟ್ ಮೆಮೊರಿಯುಳ್ಳ ಒಂದು ಯಂತ್ರವನ್ನು ಇತಿಹಾಸ ಮತ್ತು ಭೌತಶಾಸ್ತ್ರ ವಿಭಾಗಗಳು ಹಂಚಿಕೊಂಡಿವೆ ಎನ್ನೋಣ. ಇತಿಹಾಸದ ಒಂದೊಂದು ಕೆಲಸಕ್ಕೆ ೧ ಪ್ರೊಸೆಸರ್, ೮ ಗಿಗಾಬೈಟ್ ಬೇಕು. ಭೌತಶಾಸ್ತ್ರದ ಒಂದೊಂದು ಕೆಲಸಕ್ಕೆ ೩ ಪ್ರೊಸೆಸರ್, ೨ ಗಿಗಾಬೈಟ್ ಬೇಕು. ಸಮಪಾಲು ಮಾಡಿದರೆ ತಲಾ ೬ ಪ್ರೊಸೆಸರ್, ೧೬ ಗಿಗಾಬೈಟ್ ದೊರೆಯುತ್ತದೆ. ಇತಿಹಾಸದವರು ಮೆಮೊರಿ ಮುಗಿದು ಎರಡು ಕೆಲಸಕ್ಕೆ ನಿಲ್ಲುತ್ತಾರೆ. ಭೌತಶಾಸ್ತ್ರದವರು ಪ್ರೊಸೆಸರ್ ಮುಗಿದು ಎರಡಕ್ಕೇ ನಿಲ್ಲುತ್ತಾರೆ. ಒಟ್ಟು ನಾಲ್ಕು.

೨೦೧೧ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಂಶೋಧಕರು ಬೇರೊಂದು ನಿಯಮವನ್ನು ಮುಂದಿಟ್ಟರು. ಯಾರಿಗೆ ಯಾವ ವಸ್ತು ಹೆಚ್ಚು ಅಗತ್ಯವೋ ಆ ವಸ್ತುವಿನಲ್ಲಿ ಅವರಿಗೆ ದೊರೆಯುವ ಭಾಗವನ್ನು ಪರಸ್ಪರ ಸಮ ಮಾಡಬೇಕೆಂಬುದೇ ಆ ನಿಯಮ. ಹಾಗೆ ಮಾಡಿದರೆ ಇತಿಹಾಸಕ್ಕೆ ಮೂರು ಕೆಲಸ: ೩ ಪ್ರೊಸೆಸರ್, ೨೪ ಗಿಗಾಬೈಟ್. ಭೌತಶಾಸ್ತ್ರಕ್ಕೆ ಮೂರು ಕೆಲಸ: ೯ ಪ್ರೊಸೆಸರ್, ೬ ಗಿಗಾಬೈಟ್. ಇಬ್ಬರಿಗೂ ತಮ್ಮತಮ್ಮ ಮುಖ್ಯ ವಸ್ತುವಿನಲ್ಲಿ ಮುಕ್ಕಾಲು ಭಾಗ. ಒಟ್ಟು ಆರು ಕೆಲಸ. ಯಾರಿಗೂ ನಷ್ಟವಿಲ್ಲದೆ ಇಬ್ಬರಿಗೂ ಲಾಭ. ಅಗತ್ಯವನ್ನು ಅರಿಯದ ಸಮತ್ವವು ಇಬ್ಬರನ್ನೂ ಬಡವರನ್ನಾಗಿ ಮಾಡಿತ್ತು ಎಂಬುದು ಇದರಿಂದ ಸುವ್ಯಕ್ತ.

೭. ಬೇಡಿಕೆಯ ಸತ್ಯ

ಇದೆಲ್ಲಕ್ಕೂ ಆಧಾರ, ಬೇಡುವವನು ನಿಜವನ್ನು ಹೇಳಿದ್ದಾನೆ ಎಂಬ ನಂಬಿಕೆ. ಎಲ್ಲಿ ಬೇಕೋ ಬೇಡವೋ ಎಂಬ ಭಯದಿಂದ ಜನರು ತಮ್ಮ ಅಗತ್ಯಕ್ಕಿಂತ ಹೆಚ್ಚು ಬರೆಸುವುದು ಗಣಕಸಮೂಹಗಳಲ್ಲಿ ಸಾಮಾನ್ಯ. ಆಗ ಕಾಗದದ ಮೇಲೆ ಯಂತ್ರ ತುಂಬಿದೆ, ವಸ್ತುತಃ ಅರೆಬರಿದು. ನಿಜ ಹೇಳಿದವನು ಹೊರಗೆ ಕಾಯುತ್ತಾನೆ. ಬರ್ಕ್ಲಿಯವರ ನಿಯಮದ ಒಂದು ವಿಶೇಷವೆಂದರೆ ಅದರಲ್ಲಿ ಸುಳ್ಳಿನಿಂದ ಲಾಭವಿಲ್ಲ. ಮೇಲಿನ ಉದಾಹರಣೆಯಲ್ಲಿ ಇತಿಹಾಸದವರು ೮ರ ಬದಲು ೧೬ ಗಿಗಾಬೈಟ್ ಬೇಕೆಂದು ಬರೆಸಿದರೆ ಅವರಿಗೆ ಮೂರರ ಬದಲು ಒಂದೇ ಕೆಲಸ ದೊರೆಯುತ್ತದೆ. ಉಪದೇಶದಿಂದ ಆಗದ ಪ್ರಾಮಾಣಿಕತೆಯನ್ನು ನಿಯಮದ ರಚನೆಯೇ ತಂದುಕೊಡುತ್ತದೆ.

ಮನುಷ್ಯರ ಸರದಿಯಲ್ಲಿ ಇದರ ಕೊರತೆ ಎಷ್ಟು ದುಬಾರಿ ಎಂಬುದನ್ನು ಈ ತೆಂಗಿನ ನಾಡು ೨೦೨೪ರಲ್ಲಿ ಕಂಡಿತು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ ೧೨,೦೦೦ ರೂಪಾಯಿಗಳ ಬೆಂಬಲ ಬೆಲೆ ಗೊತ್ತುಮಾಡಿತ್ತು. ಖರೀದಿಯ ಒಟ್ಟು ಪ್ರಮಾಣಕ್ಕೆ ಮಿತಿಯಿತ್ತು. ರೈತರ ನೋಂದಣಿ ನಡೆದು, ಅಕ್ರಮದ ಆರೋಪಗಳು ಬಂದು, ಅದು ರದ್ದಾಗಿ, ಮತ್ತೊಮ್ಮೆ ನೋಂದಣಿ ನಡೆಯಿತು. ಮಿತವಾದ ಪ್ರಮಾಣವನ್ನು ಬರಿಯ ಸರದಿಯಿಂದ ಹಂಚಿದಾಗ ಬೇಗ ಬಂದವನಿಗೆ, ಅಥವಾ ಬೇಗ ಬರಲು ಅನುಕೂಲವುಳ್ಳವನಿಗೆ, ಪಾಲು ಸಲ್ಲುತ್ತದೆ. ಅಟ್ಟದಲ್ಲಿ ನಿಜವಾಗಿ ಎಷ್ಟು ಕೊಬ್ಬರಿಯಿದೆ ಎಂಬುದನ್ನು ಸಾಲು ತಿಳಿಯಲಾರದು. ಗಣಕದಲ್ಲಿ ಕೊಲ್ಲಲ್ಪಟ್ಟ ವರ್ಕರನ್ನು ಮತ್ತೆ ಹೂಡಬಹುದು. ಸಾಲಿನಲ್ಲಿ ಕಳೆದುಹೋದ ರೈತನ ದಿನವನ್ನು ಮತ್ತೆ ಹೂಡಲಾಗದು.

ಮೇಲಿನ ವಿವೇಚನೆಯಿಂದ ಮೂರು ಮಾತುಗಳನ್ನು ಸಂಗ್ರಹಿಸಬಹುದು. ಹಂಚುವವನು ಅಗತ್ಯವನ್ನೂ ಉಳಿಕೆಯನ್ನೂ ಅರಿತಿರಬೇಕು. ಬೇಡಿಕೆಯನ್ನು ನಿಜವಾಗಿ ಹೇಳಿದವನಿಗೆ ನಷ್ಟವಾಗದಂತೆ ನಿಯಮವಿರಬೇಕು. ನಿಯಮವು ಕಾಯುವವನಿಗೂ ತಿಳಿಯುವಂತೆ ಬಹಿರಂಗವಾಗಿರಬೇಕು. ಕೆರೆಯ ಏರಿಯ ಮೇಲೆ ನಿಂತ ನೀರುಗಂಟಿಯನ್ನು ಕೊನೆಯ ಗದ್ದೆಯವನು ಕಣ್ಣಾರೆ ನೋಡಬಹುದಾಗಿತ್ತು, ಜಗಳವಾಡಬಹುದಾಗಿತ್ತು. ಇಂದಿನ ನಿಯೋಜಕನು ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಅವನ ಲೆಕ್ಕವನ್ನು ಕೇಳುವ ಹಕ್ಕು ಮೊದಲಿಗಿಂತಲೂ ಹೆಚ್ಚು ಅವಶ್ಯ. ಕಿಬ್ಬನಹಳ್ಳಿಯ ಸುತ್ತಿನ ಕೆರೆಗಳಲ್ಲಿ ನೀರಿನ ಸರದಿಯ ಕಟ್ಟಳೆಗಳನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ವಿದ್ಯಾರ್ಥಿಗಳು ಅವುಗಳನ್ನು ಊರೂರಿಗೆ ಹೋಗಿ ಬರೆದಿಡುವುದಾದರೆ, ಅದು ಇತಿಹಾಸಕ್ಕೂ ಗಣಕಶಾಸ್ತ್ರಕ್ಕೂ ಒಂದೇ ಕಾಲದಲ್ಲಿ ಸಲ್ಲುವ ಸೇವೆಯಾಗುವುದೆಂದು ನಾವು ನಂಬುತ್ತೇವೆ.